ಡಬ್ಬಿ ಆಮೇಲೆ ತನ್ನಿ, ಮೊದಲು ಕೆಲಸ ಆರಿಸಿ

ಪ್ರಶ್ನೆ: ನಮ್ಮದು ಹುಬ್ಬಳ್ಳಿ. ಎರಡು ಬೆಡ್‌ರೂಮಿನ ಮನೆ, ಅದರಲ್ಲಿ ಐದು ಜನ. ಮಗಳು ನಾಲ್ಕನೇ ಕ್ಲಾಸು, ಮಗ ಯುಕೆಜಿ. ಅತ್ತೆಯವರದು ಕಸೂತಿ, ಕೌದಿ ಎರಡರಲ್ಲೂ ಪಳಗಿದ ಕೈ. ಈಗ ಕಣ್ಣು ಸ್ವಲ್ಪ ಮಂಜು. ವಿಡಿಯೋ ನೋಡಿ ಮಕ್ಕಳು ಕೇಳಿದ್ದನ್ನೆಲ್ಲ ತರಿಸಿದ್ದೇನೆ. ಕ್ವಿಲ್ಲಿಂಗ್ ಪೇಪರ್, ಮಣಿ, ಉಲನ್, ಗ್ಲಿಟರ್, ಮೂರು ಥರದ ಅಂಟು. ದಿವಾನದ ಕೆಳಗೆ ಚೀಲಗಳು ತುಂಬಿವೆ. ಏನಾದರೂ ಮಾಡೋಣ ಅಂತ ಕೂತರೆ ಕತ್ತರಿ ಹುಡುಕುವಷ್ಟರಲ್ಲಿ ಮಕ್ಕಳ ಉತ್ಸಾಹ ಇಳಿದಿರುತ್ತದೆ. ಮನೆಯವರು ‘ಇದು ಮನೆನೋ ಗುಜರಿ ಅಂಗಡಿನೋ’ ಅಂತಾರೆ. ದಸರಾ ರಜೆಯಲ್ಲಿ ಎಲ್ಲರೂ ಸೇರಿ ಏನಾದರೂ ಮಾಡಬೇಕು ಅಂತ ಆಸೆ. ಸಾಮಾನು ಒಪ್ಪವಾಗಿಡಲು ಎಂಥ ಡಬ್ಬಿ ಕೊಳ್ಳಲಿ? ಚಕ್ರ ಇರುವ ಮೂರು ಅಂತಸ್ತಿನ ಟ್ರಾಲಿಯೊಂದನ್ನು ನೋಡಿಟ್ಟಿದ್ದೇನೆ, ತರಿಸಲಾ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಟ್ರಾಲಿ ವಿಷಯ ಕೊನೆಗೆ ಹೇಳುತ್ತೇನೆ. ಸದ್ಯಕ್ಕೆ ಏನೂ ಕೊಳ್ಳಬೇಡಿ. ಡಬ್ಬಿ ಕೂಡ ಬೇಡ.

ನಿಮ್ಮ ಪತ್ರ ಓದಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಮನೆಯಲ್ಲಿ ಏನೇನು ಸಾಮಾನಿದೆ ಅಂತ ಬರೆದಿದ್ದೀರಿ, ಏನು ಮಾಡಬೇಕು ಅಂತ ಬರೆದಿಲ್ಲ. ಕ್ರಾಫ್ಟ್ ಮೇಷ್ಟ್ರಾಗಿ ಪೋಷಕರ ಜೊತೆ ಮಾತಾಡುವಾಗ ನಾನು ಜಾಸ್ತಿ ಕೇಳುವ ದೂರು ಇದೇ. ಸಾಮಾನು ಮೊದಲು ಮನೆಗೆ ಬರುತ್ತದೆ, ಕೆಲಸ ಆಮೇಲೆ ಹುಟ್ಟಬೇಕು. ಕೆಲಸ ಹುಟ್ಟುವುದಿಲ್ಲ, ಸಾಮಾನು ಮಾತ್ರ ದಿವಾನದ ಕೆಳಗೆ ಬೆಳೆಯುತ್ತದೆ. ಇದಕ್ಕೆ ಎಷ್ಟು ಡಬ್ಬಿ ತಂದರೂ ಅಷ್ಟೇ. ಚೀಲದಲ್ಲಿದ್ದ ಗೋಜಲು ಡಬ್ಬಿಗೆ ಹೋಗುತ್ತದೆ, ಅಷ್ಟೇ ವ್ಯತ್ಯಾಸ.

ಜೋಡಿಸುವಾಗ ಎಲ್ಲರೂ ಮಾಡುವುದು ಹೀಗೆ: ದಾರವೆಲ್ಲ ಒಂದು ಕಡೆ, ಬಟ್ಟೆಯೆಲ್ಲ ಒಂದು ಕಡೆ, ಕಾಗದ ಒಂದು ಕಡೆ, ಸೂಜಿ ಕತ್ತರಿ ಇನ್ನೊಂದು ಕಡೆ. ನೋಡಲು ಚೆಂದ. ಆದರೆ ಕರವಸ್ತ್ರಕ್ಕೆ ಒಂದು ಸಾಲು ಕಸೂತಿ ಹಾಕಬೇಕೆಂದರೆ ನಾಲ್ಕು ಡಬ್ಬಿ ತೆಗೆಯಬೇಕು. ತೆಗೆದದ್ದು ನಾಲ್ಕಾದರೆ ವಾಪಸ್ ಹೋಗುವುದು ಒಂದೋ ಎರಡೋ. ನಿಮ್ಮ ಅಡುಗೆಮನೆಯ ಒಗ್ಗರಣೆ ಡಬ್ಬಿ ನೋಡಿ. ಸಾಸಿವೆ, ಜೀರಿಗೆ, ಅರಿಶಿನ, ಒಂದಕ್ಕೊಂದು ಸಂಬಂಧವೇ ಇಲ್ಲದ ಸಾಮಾನು. ಆದರೂ ಒಂದೇ ಡಬ್ಬಿಯಲ್ಲಿವೆ, ಯಾಕೆಂದರೆ ಒಂದೇ ಹೊತ್ತಿಗೆ ಬೇಕು. ಕ್ರಾಫ್ಟ್ ಸಾಮಾನನ್ನೂ ಹಾಗೇ ಇಡಿ. ಒಂದು ಕೆಲಸಕ್ಕೆ ಒಂದು ಡಬ್ಬಿ. ಆ ಕೆಲಸಕ್ಕೆ ಬೇಕಾದ ದಾರ, ಬಟ್ಟೆ, ಸೂಜಿ, ಒಂದು ಪುಟ್ಟ ಕತ್ತರಿ, ಎಲ್ಲ ಅದರಲ್ಲೇ. ಡಬ್ಬಿ ತೆಗೆದರೆ ಕೆಲಸ ಶುರು, ಮುಚ್ಚಿದರೆ ಮುಗಿಯಿತು.

ಹಾಗಾದರೆ ನಿಮ್ಮ ಮನೆಗೆ ಯಾವ ಕೆಲಸ? ಇಲ್ಲಿ ನೀವು ಅದೃಷ್ಟವಂತರು. ಬೇರೆಯವರು ದುಡ್ಡು ಕೊಟ್ಟು ಕಲಿಯುವ ವಿದ್ಯೆ ನಿಮ್ಮ ಮನೆಯಲ್ಲೇ ಕೂತಿದೆ. ದಸರಾ ರಜೆಗೆ ನನ್ನ ಸಲಹೆ ಎರಡೇ ಕೆಲಸ. ಎಲ್ಲರೂ ಸೇರಿ ಒಂದು ಚಿಕ್ಕ ಕೌದಿ. ಅಜ್ಜಿ ಮೊಮ್ಮಗಳು ಇಬ್ಬರೇ ಕೂತು ಮಾಡಲು ಒಂದು ಸಾಲು ಕಸೂತಿ. ರಜೆ ಮುಗಿಯುವ ಹೊತ್ತಿಗೆ ದೀಪಾವಳಿ ಹತ್ತಿರವಾಗಿರುತ್ತದೆ, ಆಗ ಆಕಾಶಬುಟ್ಟಿ. ಕ್ವಿಲ್ಲಿಂಗ್, ಮಣಿ, ಉಲನ್ ಇವೆಲ್ಲ ಈ ಸಲ ಅಟ್ಟದ ಮೇಲಿರಲಿ.

ಕೌದಿಯನ್ನು ಮೊದಲು ಹೇಳಿದ್ದಕ್ಕೆ ಕಾರಣವಿದೆ. ಅದಕ್ಕೆ ಅಂಗಡಿಗೆ ಹೋಗಬೇಕಾಗಿಲ್ಲ. ಹಳೇ ಕಾಟನ್ ಸೀರೆ, ಧೋತರ, ಮಕ್ಕಳ ಗಿಡ್ಡವಾದ ಫ್ರಾಕು, ಅಂಗಿ ಸಾಕು. ದೊಡ್ಡ ಕೌದಿಗೆ ಕೈಹಾಕಬೇಡಿ, ಅದು ಸಂಕ್ರಾಂತಿಗೂ ಮುಗಿಯುವುದಿಲ್ಲ. ಎರಡು ಮೊಳ ಉದ್ದ, ಎರಡು ಮೊಳ ಅಗಲ ಸಾಕು. ಮಗನ ಕಾಲ ಮೇಲೆ ಹೊದಿಸಲು ಆಗುತ್ತದೆ. ಒಂದು ಎಚ್ಚರಿಕೆ ಇದೆ. ಕಾಟನ್ ಜೊತೆ ಪಾಲಿಯೆಸ್ಟರ್ ಸೀರೆ ಬೆರೆಸಬೇಡಿ. ಅದು ಜಾರುತ್ತದೆ, ಪದರಗಳು ಒಂದಕ್ಕೊಂದು ಕಚ್ಚಿ ನಿಲ್ಲುವುದಿಲ್ಲ. ಹೊಸ ಬಟ್ಟೆಯ ತುಂಡು ಸೇರಿಸುವುದಿದ್ದರೆ ಮೊದಲೇ ತೊಳೆದು ಒಣಗಿಸಿ, ಇಲ್ಲದಿದ್ದರೆ ಮೊದಲ ಒಗೆತದಲ್ಲೇ ಅದೊಂದು ಜಾಗ ಮುದುಡುತ್ತದೆ.

ಸ್ವೀಟ್ ಬಾಕ್ಸಿನ ರಟ್ಟಿನಲ್ಲಿ 4 ಇಂಚಿನ ಒಂದು ಚೌಕ ಕತ್ತರಿಸಿಕೊಳ್ಳಿ. ಅದನ್ನು ಬಟ್ಟೆಯ ಮೇಲಿಟ್ಟು ಸುತ್ತ ಪೆನ್ಸಿಲ್ ಗೆರೆ ಎಳೆದು ಕತ್ತರಿಸುವ ಕೆಲಸ ನಿಮ್ಮ ಮನೆಯವರಿಗೆ ಕೊಡಿ. ಗುಜರಿ ಅಂಗಡಿ ಅಂದವರ ಕೈಗೆ ಅಳತೆ ಪಟ್ಟಿ ಕೊಟ್ಟರೆ ಅರ್ಧ ದೂರು ಕಡಿಮೆ ಆಗುತ್ತದೆ, ಇದು ನಾನು ಬಹಳ ಮನೆಗಳಲ್ಲಿ ಕಂಡದ್ದು. ಚೌಕಗಳು ತಯಾರಾದ ಮೇಲೆ ಯಾವ ಬಣ್ಣದ ಪಕ್ಕ ಯಾವ ಬಣ್ಣ ಅಂತ ತೀರ್ಮಾನ ಮಾಡುವುದು ಮಗನ ಪಾಲಿಗೆ. ಅವನು ಕೆಂಪಿನ ಪಕ್ಕ ಕೆಂಪೇ ಇಟ್ಟರೂ ಸುಮ್ನಿರಿ.

ಹೊಲಿಯುವ ಕ್ರಮ ನಿಮ್ಮ ಅತ್ತೆಯವರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ನಿಮ್ಮಿಂದ ದೂರವೇನಲ್ಲದ ಹಳಿಯಾಳ, ಯಲ್ಲಾಪುರ ಕಡೆ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವ ಕವಂದಿ ಅನ್ನುವ ಕೌದಿಯ ರೀತಿಯನ್ನೂ ಮಕ್ಕಳಿಗೆ ಹೇಳಿ, ಅದು ಗುಂಪಾಗಿ ಕೂತು ಹೊಲಿಯಲು ಹೇಳಿಮಾಡಿಸಿದಂತಿದೆ. ಅವರು ಅಂಚಿನಿಂದ ಶುರುಮಾಡುತ್ತಾರೆ. ಬಟ್ಟೆಯ ತುಂಡುಗಳನ್ನು ಇಡುತ್ತಾ, ಓಟದ ಹೊಲಿಗೆ ಹಾಕುತ್ತಾ, ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆ ಮಡಚಿ ಮಾಡಿದ ಪುಟ್ಟ ತ್ರಿಕೋನ ಇಟ್ಟು ಹೊಲಿಯುತ್ತಾರೆ. ಅದಕ್ಕೆ ಫುಲ ಅಂತ ಹೆಸರು. ಫುಲ ಇಲ್ಲದೆ ಕವಂದಿ ಪೂರ್ತಿ ಆದಂತಲ್ಲ. ನಿಮ್ಮ ಕೌದಿಯ ನಾಲ್ಕು ಮೂಲೆಯನ್ನೂ ಹಾಗೇ ಮಾಡಿ, ಮಕ್ಕಳಿಗೆ ಮಡಚುವ ಆಟ ಸಿಗುತ್ತದೆ.

ಈಗ ಕಸೂತಿ. ಧಾರವಾಡ ಸೀಮೆಯ ಈ ಕೆಲಸಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಗವಂತಿ, ಮುರಗಿ, ನೇಯ್ಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ಮಗಳಿಗೆ ಗವಂತಿ ಒಂದೇ ಸಾಕು. ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿ ಹಾಕುತ್ತಾರೆ. ಹಾಗಾಗಿ ಕಲಿಯುವವರಿಗೆ ಮ್ಯಾಟಿ ಬಟ್ಟೆ ಒಳ್ಳೆಯದು, ಅದರಲ್ಲಿ ನೇಯ್ಗೆ ಚೌಕ ಚೌಕವಾಗಿ ಎದ್ದು ಕಾಣುತ್ತದೆ. ಸೂಜಿ ಒಂದು ಚೌಕ ಮೇಲೆ, ಒಂದು ಚೌಕ ಕೆಳಗೆ ಹೋಗುತ್ತಾ ಸಾಲಿನ ಕೊನೆ ಮುಟ್ಟುತ್ತದೆ. ಅಲ್ಲಿಂದ ಅದೇ ದಾರಿಯಲ್ಲಿ ತಿರುಗಿ ಬರುವಾಗ ಬಿಟ್ಟುಹೋದ ಚೌಕಗಳನ್ನು ತುಂಬುತ್ತಾ ಬರುತ್ತದೆ. ಗಂಟು ಹಾಕುವ ಹಾಗಿಲ್ಲ. ಶುರುವಿನಲ್ಲಿ ಬಿಟ್ಟ ತುದಿಯನ್ನು ಆಮೇಲೆ ಹೊಲಿಗೆಯೊಳಗೇ ಸೇರಿಸಿಬಿಡುತ್ತಾರೆ. ಬಟ್ಟೆ ತಿರುವಿ ನೋಡಿದರೆ ಹಿಂದೆಯೂ ಮುಂದಿನಂತೆಯೇ ಕಾಣಬೇಕು. ಒಂದು ಚೌಕ ತಪ್ಪಿದರೆ ವಾಪಸ್ ಬರುವಾಗ ದಾರಿಯೇ ಸಿಗುವುದಿಲ್ಲ. ನಾಲ್ಕನೇ ಕ್ಲಾಸಿನ ಹುಡುಗಿಗೆ ಇದು ಒಳ್ಳೇ ಲೆಕ್ಕದ ಆಟ.

ನೇರ ಬಟ್ಟೆಗೆ ಇಳಿಸಬೇಡಿ. ಗಣಿತದ ಚೌಕದ ನೋಟ್‌ಬುಕ್ ಇರುತ್ತಲ್ವಾ, ಅದರಲ್ಲಿ ಮೊದಲು ಬರೆಯಲಿ. ಅಜ್ಜಿ ಬಾಯಲ್ಲಿ ಹೇಳಬೇಕು: ಬಲಕ್ಕೆ ಎರಡು ಮನೆ, ಮೇಲಕ್ಕೆ ಒಂದು, ಮತ್ತೆ ಬಲಕ್ಕೆ ಎರಡು. ಮೊಮ್ಮಗಳು ಪೆನ್ಸಿಲಿನಲ್ಲಿ ಎಳೆಯಬೇಕು. ಕಣ್ಣು ಮಂಜಾದವರ ತಲೆಯಲ್ಲಿರುವ ಲೆಕ್ಕ ಹೀಗೆ ಪುಸ್ತಕಕ್ಕೆ ಬರುತ್ತದೆ. ಗೋಪುರ, ತೇರು, ತುಳಸಿಕಟ್ಟೆ, ಆನೆ ಅಂಬಾರಿ ಇವನ್ನೆಲ್ಲ ಬರೆದಿಟ್ಟುಕೊಳ್ಳಿ, ಆದರೆ ಬಟ್ಟೆಗೆ ಹಾಕುವುದು ಕರವಸ್ತ್ರದ ಅಂಚಿಗೆ ಒಂದು ಸಾಲು ಮಾತ್ರ. ಗೋಪುರದಿಂದಲೇ ಶುರುಮಾಡಿದ ಮಕ್ಕಳು ಗೋಪುರದ ಬುಡದಲ್ಲೇ ಕಸೂತಿ ಬಿಟ್ಟದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಅತ್ತೆಯವರ ಕಣ್ಣಿನ ವಿಷಯ. ಬಿಳಿ ಅಥವಾ ಕೆನೆ ಬಣ್ಣದ ಬಟ್ಟೆ, ಅದರ ಮೇಲೆ ಕಡುಗೆಂಪು ಅಥವಾ ಹಸಿರು ದಾರ ತನ್ನಿ. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಕಸೂತಿ ಎಷ್ಟು ಚೆಂದ ಕಂಡರೂ, ಕಪ್ಪಿನ ಮೇಲೆ ಎಳೆ ಎಣಿಸುವುದು ಈ ವಯಸ್ಸಿಗೆ ಬೇಡ. ಕಿಟಕಿ ಪಕ್ಕ, ಹಗಲು ಹೊತ್ತು ಕೂರಲಿ. ಇನ್ನೊಂದು ಉಪಾಯ: ಬೆಳಿಗ್ಗೆ ಮಗಳು ಎಂಟು ಹತ್ತು ಸೂಜಿಗೆ ದಾರ ಪೋಣಿಸಿ ಪಿನ್‌ಕುಶನ್‌ಗೆ ಚುಚ್ಚಿಡಲಿ. ದಾರ ಒಂದು ಮೊಳ ಇದ್ದರೆ ಸಾಕು, ಅದಕ್ಕಿಂತ ಉದ್ದವಾದರೆ ಸಿಕ್ಕು ಬೀಳುತ್ತದೆ. ಮಧ್ಯಾಹ್ನ ಪೂರ್ತಿ ಅಜ್ಜಿ ಯಾರನ್ನೂ ಕರೆಯದೆ ಹೊಲಿಯಬಹುದು. ‘ಸೂಜಿ ಪೋಣಿಸಿಕೊಡೇ’ ಅಂತ ಹತ್ತು ಸಲ ಕೇಳುವುದು ದೊಡ್ಡವರಿಗೆ ಎಷ್ಟು ಮುಜುಗರ ಅನ್ನೋದು ನಮಗೆ ಹೊಳೆಯುವುದೇ ಇಲ್ಲ.

ಒಂದು ಮಾತು ಅತ್ತೆಯವರಿಗೂ ತಲುಪಿಸಿ, ನಯವಾಗಿ. ಮೊಮ್ಮಗಳು ಮಲಗಿದ ಮೇಲೆ ಅವಳ ಸೊಟ್ಟ ಹೊಲಿಗೆ ಬಿಚ್ಚಿ ಸರಿಮಾಡುವುದು ಬೇಡ. ಪಳಗಿದ ಕೈಗೆ ಅದು ತಡೆಯುವುದಿಲ್ಲ, ನನಗೆ ಗೊತ್ತು. ಆದರೆ ಬೆಳಿಗ್ಗೆ ಎದ್ದು ನೋಡಿದ ಹುಡುಗಿಗೆ ಅದು ಅಜ್ಜಿಯ ಕಸೂತಿ, ತನ್ನದಲ್ಲ. ತಪ್ಪಿದ್ದನ್ನು ಬಿಚ್ಚಲೇಬೇಕೆಂದರೆ ಅವಳೇ ಬಿಚ್ಚಲಿ, ಅಜ್ಜಿ ಪಕ್ಕದಲ್ಲಿ ಕೂತಿರಲಿ.

ಇನ್ನು ಆ ಚೀಲಗಳು. ರಜೆ ಶುರುವಾಗುವ ಮುಂಚೆ ಒಂದು ಭಾನುವಾರ ಮಧ್ಯಾಹ್ನ ಹಾಲಿನಲ್ಲಿ ಹಳೇ ಬೆಡ್‌ಶೀಟ್ ಹಾಸಿ ಎಲ್ಲವನ್ನೂ ಸುರುವಿ. ಮಕ್ಕಳೂ ಇರಲಿ. ಮೊದಲು ಸತ್ತ ಸಾಮಾನು ತೆಗೆಯಿರಿ. ರಬ್ಬರಿನಂತಾದ ಫೆವಿಕಾಲ್‌ಗೆ ನೀರು ಹಾಕಿದರೂ ಜೀವ ಬರುವುದಿಲ್ಲ, ಬಿಸಾಕಿ. ಒಣಗಿದ ಅಕ್ರಿಲಿಕ್ ಬಣ್ಣವೂ ಅಷ್ಟೇ. ಪೋಸ್ಟರ್ ಕಲರ್ ಮಾತ್ರ ಹಾಗಲ್ಲ, ಗಟ್ಟಿಯಾಗಿದ್ದರೆ ನಾಲ್ಕು ಹನಿ ನೀರು ಹಾಕಿ ಒಂದು ರಾತ್ರಿ ಬಿಟ್ಟರೆ ಕರಗುತ್ತದೆ. ಕೆಟ್ಟ ವಾಸನೆ ಬಂದಿದ್ದರೆ ಮಾತ್ರ ಚೆಲ್ಲಿ. ಸ್ಕೆಚ್ ಪೆನ್ನುಗಳನ್ನು ಮಗನ ಕೈಗೆ ಕೊಟ್ಟು ಹಳೇ ಪೇಪರಿನ ಮೇಲೆ ಗೀಚಿಸಿ. ಬರೆಯದವು ಆ ಕಡೆ. ಈ ಕೆಲಸ ಅವನು ಗಂಟೆಗಟ್ಟಲೆ ಮಾಡುತ್ತಾನೆ.

ಉಳಿದದ್ದನ್ನು ಕೈಯಲ್ಲಿ ಹಿಡಿದು ಒಂದೇ ಪ್ರಶ್ನೆ ಕೇಳಿ: ಇದು ಯಾವ ಕೆಲಸದ್ದು? ಕೌದಿಯದೋ, ಕಸೂತಿಯದೋ, ಆಕಾಶಬುಟ್ಟಿಯದೋ, ಮಕ್ಕಳು ಸುಮ್ನೆ ಬರೆದು ಕತ್ತರಿಸಿ ಅಂಟಿಸುವ ದಿನನಿತ್ಯದ ಆಟದ್ದೋ? ಈ ನಾಲ್ಕು ಗುಡ್ಡೆ ಮಾತ್ರ. ಯಾವುದಕ್ಕೂ ಸೇರದ್ದು ಒಂದೇ ಒಂದು ರಟ್ಟಿನ ಪೆಟ್ಟಿಗೆಗೆ. ಅದರ ಮುಚ್ಚಳದ ಮೇಲೆ ಇಂದಿನ ತಾರೀಖು ಬರೆದು ಅಟ್ಟಕ್ಕೆ ಹಾಕಿ. ಮುಂದಿನ ಬೇಸಿಗೆ ರಜೆಯವರೆಗೂ ಯಾರೂ ಅದನ್ನು ಕೇಳದಿದ್ದರೆ ಹತ್ತಿರದ ಅಂಗನವಾಡಿಗೋ ಸರ್ಕಾರಿ ಶಾಲೆಗೋ ಕೊಟ್ಟುಬಿಡಿ.

‘ಮುಂದೆ ಬೇಕಾಗುತ್ತೆ’ ಅನ್ನುವ ರೋಗಕ್ಕೂ ಮದ್ದು ಬೇಕು. ಐಸ್‌ಕ್ರೀಮ್ ಕಡ್ಡಿ, ಬಾಟಲಿ ಮುಚ್ಚಳ, ಲಗ್ನಪತ್ರಿಕೆ, ಹಾರದ ಜರಿ, ಇವು ಎಲ್ಲರ ಮನೆಯಲ್ಲೂ ಸೇರುತ್ತವೆ, ನನ್ನ ಮನೆಯಲ್ಲೂ. ಬೇಡ ಅನ್ನುವುದಿಲ್ಲ. ಆದರೆ ಇವಕ್ಕೆ ಒಂದು ಬಟ್ಟೆ ಚೀಲ ಗೊತ್ತುಮಾಡಿ ಬಾಗಿಲ ಹಿಂದೆ ನೇತುಹಾಕಿ. ಆ ಚೀಲ ತುಂಬಿದರೆ ಹೊಸದು ಒಳಗೆ ಹೋಗಬೇಕಾದರೆ ಹಳೇದೊಂದು ಹೊರಗೆ ಬರಲೇಬೇಕು. ಎರಡನೇ ಚೀಲ ಮಾತ್ರ ಕೇಳಬೇಡಿ. ಲಗ್ನಪತ್ರಿಕೆಯ ದಪ್ಪ ಕಾಗದ ಮಾತ್ರ ನಿಜಕ್ಕೂ ಕೆಲಸಕ್ಕೆ ಬರುವಂಥದ್ದು. ಕಸೂತಿ ದಾರ ಸುತ್ತಿಡಲು ಅದಕ್ಕಿಂತ ಒಳ್ಳೇದು ಇನ್ನೊಂದಿಲ್ಲ. ಎರಡು ಬೆರಳಗಲದ ಪಟ್ಟಿ ಕತ್ತರಿಸಿ, ಅಂಚಿಗೆ ಚಿಕ್ಕ ಕಚ್ಚು ಹಾಕಿ, ದಾರ ಸುತ್ತಿ, ತುದಿಯನ್ನು ಕಚ್ಚಿಗೆ ಸಿಕ್ಕಿಸಿ. ದಾರದ ಲಡಿಯ ಮೇಲೆ ಬಣ್ಣದ ನಂಬರ್ ಇರುತ್ತಲ್ವಾ, ಅದನ್ನು ಪಟ್ಟಿಯ ಮೇಲೆ ಬರೆಯಿರಿ. ಅರ್ಧಕ್ಕೆ ದಾರ ಮುಗಿದಾಗ ಅಂಗಡಿಯಲ್ಲಿ ‘ಇದೇ ಥರ ಹಸಿರು’ ಅಂತ ಕೈ ತೋರಿಸುವ ಕಷ್ಟ ಇರುವುದಿಲ್ಲ. ಒಂದು ಲಡಿಯಲ್ಲಿ 8 ಮೀಟರ್ ದಾರ, ಅದರಲ್ಲಿ 6 ಎಳೆ ಇರುತ್ತದೆ. ಕಸೂತಿಗೆ ಎರಡೋ ಮೂರೋ ಎಳೆ ಬಿಡಿಸಿಕೊಳ್ಳುತ್ತೀರಿ, ಹಾಗಾಗಿ ಒಂದು ಲಡಿ ತುಂಬ ದಿನ ಬರುತ್ತದೆ. ಕೊಳ್ಳುವಾಗ ಇದು ನೆನಪಿರಲಿ.

ಡಬ್ಬಿಗೆ ಮನೆಯಲ್ಲಿರುವುದೇ ಸಾಕು. ಕಸೂತಿಗೆ ಬಿಸ್ಕೆಟ್ ಟಿನ್ನು. ಕೌದಿಗೆ ಜಿಪ್ ಇರುವ ಪಾರದರ್ಶಕ ಸೀರೆ ಕವರ್, ಚೌಕಗಳು ಕಾಣುತ್ತವೆ, ಮಡಚಿ ಇಡಬಹುದು. ಆಕಾಶಬುಟ್ಟಿಗೆ ಒಂದು ಶೂ ಬಾಕ್ಸ್. ಮಕ್ಕಳ ದಿನನಿತ್ಯದ ಸಾಮಾನಿಗೆ ಮುಚ್ಚಳವಿಲ್ಲದ ಒಂದು ಪ್ಲಾಸ್ಟಿಕ್ ಬುಟ್ಟಿ. ಮುಚ್ಚಳವಿಲ್ಲದ್ದು ಅಂತ ಬೇಕೆಂದೇ ಹೇಳುತ್ತಿದ್ದೇನೆ. ಐದು ವರ್ಷದ ಹುಡುಗ ಎಸೆದರೂ ಒಳಗೆ ಬೀಳಬೇಕು, ಆಗಲೇ ಅವನು ವಾಪಸ್ ಇಡುವುದು. ಹೆಸರು ಬರೆದ ಚೀಟಿ ಅವನಿಗೆ ಓದಲು ಬರುವುದಿಲ್ಲ. ಅದಕ್ಕೇ ಉಳಿದ ಡಬ್ಬಿಗಳ ಮುಚ್ಚಳದ ಮೇಲೆ ಒಳಗಿರುವ ಸಾಮಾನನ್ನೇ ಒಂದು ಅಂಟಿಸಿ. ಮಣಿ ಡಬ್ಬಿಯ ಮೇಲೆ ಒಂದು ಮಣಿ, ಗುಂಡಿ ಡಬ್ಬಿಯ ಮೇಲೆ ಒಂದು ಗುಂಡಿ.

ಮಣಿಗೆ ಹಳೇ ಮಸಾಲೆ ಡಬ್ಬಿ ಉಪಯೋಗಿಸಿ ಅಂತ ಎಲ್ಲರೂ ಹೇಳುತ್ತಾರೆ. ನೋಡಲು ಚೆಂದ, ನಿಜ. ಆದರೆ ಒಳಗಿನ ಬಟ್ಟಲುಗಳಿಗೆ ಬೇರೆ ಮುಚ್ಚಳವಿಲ್ಲ. ಮಗ ಒಂದು ಸಲ ಅಡ್ಡ ಹಿಡಿದರೆ ಎಲ್ಲ ಬಣ್ಣ ಒಂದಾಗುತ್ತದೆ. ತಿರುಗಿಸಿ ಹಾಕುವ ಮುಚ್ಚಳದ ಪುಟ್ಟ ಡಬ್ಬಿಗಳೇ ವಾಸಿ. ಮಣಿ ಕೆಲಸಕ್ಕೆ ಕೂತಾಗ ಅಂಚಿರುವ ತಟ್ಟೆಯ ಮೇಲೆ ಒಂದು ಟವೆಲ್ ಹಾಸಿ, ಅದರ ಮೇಲೆ ಸುರುವಿಕೊಳ್ಳಿ. ಉರುಳಿ ಹೋಗುವುದಿಲ್ಲ.

ಕಾಗದ, ಬಣ್ಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸ್ಕೆಚ್ ಪೆನ್ನು ಮಲಗಿಸಿ ಇಡಿ. ಬ್ರಷ್ಷನ್ನು ನೀರಿನ ಲೋಟದಲ್ಲೇ ಬಿಟ್ಟರೆ ಕೂದಲು ಡೊಂಕಾಗುತ್ತದೆ, ಅಂಟು ಬಿಟ್ಟು ಉದುರುತ್ತದೆ. ತೊಳೆದು ಮಲಗಿಸಿ ಒಣಗಿಸಿ, ಆಮೇಲೆ ಕೂದಲು ಮೇಲೆ ಮಾಡಿ ನಿಲ್ಲಿಸಿ. ಬಣ್ಣದ ಕಾಗದ ಬಿಸಿಲಿಗೆ ಬಿದ್ದರೆ ಬಿಳಿಚುತ್ತದೆ. ಕರಾವಳಿ, ಮಲೆನಾಡಿನಲ್ಲಿ ಇರುವವರು ಇದನ್ನು ಓದುತ್ತಿದ್ದರೆ, ನಿಮಗೆ ರಟ್ಟಿನ ಪೆಟ್ಟಿಗೆ ಆಗಿಬರುವುದಿಲ್ಲ. ಮಳೆಗಾಲದಲ್ಲಿ ಮೊದಲು ಪೆಟ್ಟಿಗೆ ಮೆತ್ತಗಾಗುತ್ತದೆ, ಆಮೇಲೆ ಕಾಗದ ತಿನ್ನುವ ಬೆಳ್ಳಿ ಬಣ್ಣದ ಹುಳ ಸೇರುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯೇ ಬೇಕು. ಉಲನ್ ಬಗ್ಗೆ ಅನೇಕರಿಗೆ ಹುಳದ ಭಯ. ಅಂಗಡಿಯಲ್ಲಿ ಉಲನ್ ಅಂತ ಸಿಗುವುದು ಬಹಳಷ್ಟು ಅಕ್ರಿಲಿಕ್, ಅದನ್ನು ಹುಳ ತಿನ್ನುವುದಿಲ್ಲ. ಲೇಬಲ್ ನೋಡಿ. ನಿಜವಾದ ಉಣ್ಣೆಯಾದರೂ ಮಕ್ಕಳ ಕೈಗೆ ಸಿಗುವ ಡಬ್ಬಿಗೆ ನುಸಿಗುಳಿಗೆ ಹಾಕಬೇಡಿ, ಅದು ವಿಷ. ಒಣಗಿದ ಬೇವಿನೆಲೆ, ಲಾವಂಚದ ಬೇರು ಇಡಿ, ಆಗಾಗ ತೆಗೆದು ಕೊಡವಿ.

ಗ್ಲಿಟರ್ ವಿಷಯದಲ್ಲಿ ನಾನು ಪಕ್ಷಪಾತಿ. ಮನೆಯಿಂದ ಹೊರಗೆ ಹಾಕಿ. ಅನ್ನದ ತಟ್ಟೆಯಲ್ಲೂ ಮಿಂಚುತ್ತದೆ ಅದು.

ಎತ್ತರದ ವಿಷಯಕ್ಕೆ ಬಂದರೆ, ಮಕ್ಕಳ ಬುಟ್ಟಿ ಅವರ ಕೈಗೆ ಎಟುಕಲಿ: ಕ್ರೇಯಾನ್, ಕಾಗದ, ಗ್ಲೂ ಸ್ಟಿಕ್, ಮೊಂಡು ತುದಿಯ ಕತ್ತರಿ. ಉಳಿದದ್ದು ಮೇಲಿನ ಶೆಲ್ಫಿಗೆ. ಸೂಜಿಗಳಿಗೆ ಲೆಕ್ಕ ಇರಲಿ. ಪಿನ್‌ಕುಶನ್‌ನಲ್ಲಿ ಹತ್ತು ಇದ್ದರೆ ಮುಗಿಸುವಾಗಲೂ ಹತ್ತು ಎಣಿಸಬೇಕು. ಎಣಿಸುವುದು ಮಗಳ ಜವಾಬ್ದಾರಿ. ಒಂದು ಕಡಿಮೆ ಬಂದರೆ ನೆಲದ ಮೇಲೆ ಅಯಸ್ಕಾಂತ ಆಡಿಸಿ ಹುಡುಕಿ, ಸಿಗುವವರೆಗೆ ಮಗನನ್ನು ಅಲ್ಲಿ ಬಿಡಬೇಡಿ. ಗ್ಲೂ ಗನ್ನಿನ ತುದಿ ನೂರು ಡಿಗ್ರಿಗಿಂತ ಜಾಸ್ತಿ ಕಾಯುತ್ತದೆ, ಅದು ದೊಡ್ಡವರ ಕೈಯಲ್ಲೇ ಇರಲಿ. ಫೆವಿಕ್ವಿಕ್ ಥರದ ಅಂಟಿನ ಬಗ್ಗೆ ಬಹಳ ಜನರಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. ಅದು ಹತ್ತಿ, ಕಾಟನ್ ಬಟ್ಟೆ, ಉಣ್ಣೆಯ ಮೇಲೆ ಬಿದ್ದರೆ ಥಟ್ಟನೆ ಬಿಸಿಯಾಗುತ್ತದೆ, ಚರ್ಮ ಸುಡುವಷ್ಟು. ಚೆಲ್ಲಿದ್ದನ್ನು ಹತ್ತಿಯಿಂದ ಒರೆಸಲು ಹೋಗಬೇಡಿ. ಬೆರಳು ಅಂಟಿಕೊಂಡರೆ ಎಳೆಯಬೇಡಿ, ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿಟ್ಟು ಮೆಲ್ಲಗೆ ಬಿಡಿಸಿ. ಕಣ್ಣಿಗೆ ಸಿಡಿದರೆ ಮನೆಮದ್ದು ಬೇಡ, ನೇರ ಡಾಕ್ಟರ ಹತ್ತಿರ ಹೋಗಿ.

ಕತ್ತರಿ ಎಲ್ಲಿ ಅನ್ನೋ ಗೋಳಿಗೆ ಪರಿಹಾರ ಸುಲಭ. ಮೂರು ಕತ್ತರಿ ಇಟ್ಟುಕೊಳ್ಳಿ. ಕೌದಿ ಬಟ್ಟೆಗೊಂದು, ಕಾಗದಕ್ಕೊಂದು, ಕಸೂತಿ ಟಿನ್ನಿನಲ್ಲಿ ದಾರ ಕತ್ತರಿಸಲು ಪುಟ್ಟದೊಂದು. ಬಟ್ಟೆ ಕತ್ತರಿಯ ಹಿಡಿಗೆ ಕೆಂಪು ದಾರ ಸುತ್ತಿ. ಕೆಂಪು ದಾರದ ಕತ್ತರಿ ಕಾಗದ ಮುಟ್ಟಬಾರದು, ಹಾಲಿನ ಪಾಕೀಟಂತೂ ಬೇಡವೇ ಬೇಡ. ಕಾಗದ ಕತ್ತರಿಸಿದರೆ ಬಾಯಿ ಮೊಂಡಾಗಿ ಆಮೇಲೆ ಬಟ್ಟೆಯನ್ನು ಕತ್ತರಿಸದೆ ಜಗಿಯುತ್ತದೆ. ಈ ಕಾನೂನು ಮನೆಯವರಿಗೂ ಅನ್ವಯಿಸುತ್ತದೆ.

ಕೂರುವ ಹೊತ್ತು, ಎದ್ದೇಳುವ ಹೊತ್ತು ಎರಡೂ ಮೊದಲೇ ತೀರ್ಮಾನವಾಗಲಿ. ಆ ಹಳೇ ಬೆಡ್‌ಶೀಟ್ ಬಿಸಾಕಬೇಡಿ, ದಿನಾ ಅದನ್ನೇ ಹಾಸಿ. ಅದರ ಹೊರಗೆ ಸಾಮಾನು ಹೋಗುವ ಹಾಗಿಲ್ಲ. ಮುಗಿದ ಮೇಲೆ ನಾಲ್ಕು ಮೂಲೆ ಎತ್ತಿ ಹಿಡಿದರೆ ಚೂರುಪಾರು ಎಲ್ಲ ನಡುವಿಗೆ ಬರುತ್ತದೆ, ಕಸದ ಬುಟ್ಟಿಗೆ ಕೊಡವಿ. ಅರ್ಧ ಆದ ಕೆಲಸ ಏನು ಮಾಡುವುದು? ಒಂದು ಅಗಲವಾದ ಪರಾತ ಇಟ್ಟುಕೊಳ್ಳಿ. ಅರ್ಧ ಆದದ್ದೆಲ್ಲ ಹಾಗೇ ಅದರಲ್ಲಿಟ್ಟು ದಿವಾನದ ಕೆಳಗೆ ತಳ್ಳಿ. ನಾಳೆ ಎಳೆದರೆ ಬಿಟ್ಟಲ್ಲಿಂದ ಶುರು. ಊಟಕ್ಕೆ ಕರೆಯುವ ಕಾಲು ಗಂಟೆ ಮುಂಚೆ ಎತ್ತಿಡಲು ಶುರುಮಾಡಿ. ಹಸಿದ ಮಕ್ಕಳು ಏನನ್ನೂ ಎತ್ತಿಡುವುದಿಲ್ಲ, ಆಗ ಬೈದು ಪ್ರಯೋಜನವಿಲ್ಲ.

ಕಸೂತಿಗೆ ಮಗ ಬೇಡ, ಅವನಿಗೆ ಬೇಜಾರು. ಅವನ ಕೈಗೆ ಹತ್ತಿ ಕೊಡಿ. ಗೆಜ್ಜೆವಸ್ತ್ರ ಮಾಡುವುದು ಕಲಿಯಲಿ. ಹತ್ತಿಯನ್ನು ಹಗುರವಾಗಿ ಎಳೆದು ಉದ್ದ ಮಾಡಿ, ಬೆರಳು ಒದ್ದೆ ಮಾಡಿಕೊಂಡು ಅಲ್ಲಲ್ಲಿ ಹೊಸೆಯುವುದು, ಆಮೇಲೆ ಕುಂಕುಮದ ಬೊಟ್ಟು. ಅವನದು ಮೊದಮೊದಲು ಮೀಸೆ ಥರ ಕಾಣುತ್ತದೆ. ಇರಲಿ, ದೇವರು ಏನೂ ಅಂದುಕೊಳ್ಳುವುದಿಲ್ಲ. ನಮ್ಮ ಹಬ್ಬಗಳಲ್ಲಿ ಇಂಥ ಕೈಕೆಲಸ ಎಷ್ಟಿದೆ ನೋಡಿ. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನ ಎತ್ತು, ಆಷಾಢದ ಮಂಗಳವಾರ ಮಣ್ಣಿನ ಗುಳ್ಳವ್ವ, ದೀಪಾವಳಿಗೆ ಸಗಣಿ ಪಾಂಡವರು. ಹಬ್ಬ ಮುಗಿದ ಮೇಲೆ ಮಣ್ಣು ಮಣ್ಣಿಗೇ ಹೋಗುತ್ತದೆ, ಎತ್ತಿಡುವ ತಾಪತ್ರಯವೇ ಇಲ್ಲ. ದುಬಾರಿ ಕಿಟ್ ಕೊಂಡು ಪ್ಲಾಸ್ಟಿಕ್ ಗೊಂಬೆ ಮಾಡಿ ಅದಕ್ಕೊಂದು ಶೆಲ್ಫ್ ಹುಡುಕುವುದಕ್ಕಿಂತ ಇದು ಎಷ್ಟೋ ವಾಸಿ ಅಂತ ನನ್ನ ಅಭಿಪ್ರಾಯ.

ಆಕಾಶಬುಟ್ಟಿಗೆ ಬಿದಿರಿನ ಸೀಳು, ದಾರ, ಬಣ್ಣದ ತೆಳು ಕಾಗದ, ಅಂಟು ಇಷ್ಟೇ ಬೇಕು. ಫೆವಿಕಾಲ್ ಬೇಕಾಗಿಲ್ಲ. ಎರಡು ಚಮಚ ಮೈದಾ, ಅರ್ಧ ಲೋಟ ನೀರು ಗಂಟಿಲ್ಲದೆ ಕಲಸಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಗಂಜಿಯಂತೆ ಕಾಯಿಸಿ. ತೆಳು ಕಾಗದಕ್ಕೆ ಅದೇ ಸರಿ. ಆದರೆ ಅವತ್ತಿಗಾಗುವಷ್ಟೇ ಮಾಡಿ, ಮಾರನೇ ದಿನಕ್ಕೆ ಹುಳಿ ವಾಸನೆ, ಜೊತೆಗೆ ಜಿರಳೆ. ಮೈಲುತುತ್ತ ಹಾಕಿದರೆ ಹುಳ ಬರಲ್ಲ ಅಂತ ಹಿರಿಯರು ಯಾರಾದರೂ ಹೇಳಬಹುದು. ಮಕ್ಕಳು ಕೈಯಾಡಿಸುವ ಅಂಟಿಗೆ ಅದು ಬೇಡ, ವಿಷ. ಬಿದಿರು ಸೀಳುವುದು, ಕಟ್ಟುವುದು, ಮೇಲೆ ತೂಗುಹಾಕುವುದು ಮನೆಯವರ ಪಾಲು. ಒಳಗೆ ಎಲ್‌ಇಡಿ ಬಲ್ಬನ್ನೇ ಹಾಕಿ. ಹಳೇ ಬಗೆಯ ಬಲ್ಬಿನ ಶಾಖಕ್ಕೆ ಕಾಗದ ಕಂದುತ್ತದೆ, ಬೆಂಕಿ ಹತ್ತಿದರೂ ಹತ್ತಬಹುದು.

ಮುಗಿದ ಕೆಲಸಗಳನ್ನು ಎಲ್ಲಿಡುವುದು ಅಂತ ನೀವು ಕೇಳಿಲ್ಲ, ಆದರೆ ರಜೆ ಮುಗಿದ ಮೇಲೆ ಕೇಳುತ್ತೀರಿ. ಹಾಲಿನ ಗೋಡೆಗೆ ಒಂದು ದಾರ ಕಟ್ಟಿ ಬಟ್ಟೆ ಕ್ಲಿಪ್ ಹಾಕಿ. ಕ್ಲಿಪ್ಪುಗಳೆಷ್ಟೋ ಅಷ್ಟೇ ಪ್ರದರ್ಶನ. ಹೊಸದು ಏರಿದರೆ ಹಳೇದು ಇಳಿಯಬೇಕು. ಇಳಿದದ್ದರಲ್ಲಿ ಯಾವುದು ಇಟ್ಟುಕೊಳ್ಳಬೇಕು ಅಂತ ಮಕ್ಕಳೇ ಹೇಳಲಿ, ವರ್ಷಕ್ಕೆ ಒಂದು ಫೈಲ್ ತುಂಬುವಷ್ಟು. ಉಳಿದದ್ದರ ಫೋಟೋ ತೆಗೆದಿಟ್ಟುಕೊಂಡು ಅವನ್ನು ಬೀಳ್ಕೊಡಿ. ಮಕ್ಕಳು ಶಾಲೆಗೆ ಹೋದಾಗ ಕದ್ದು ಬಿಸಾಕುವುದು ಮಾತ್ರ ಬೇಡ. ಅವರಿಗೆ ಗೊತ್ತಾಗದೆ ಇರುವುದಿಲ್ಲ. ಗೊತ್ತಾದ ಮೇಲೆ ಒಂದು ಚೂರು ಕಾಗದ ಎಸೆಯಲೂ ಬಿಡುವುದಿಲ್ಲ.

ಈಗ ಟ್ರಾಲಿ. ಎರಡು ಬೆಡ್‌ರೂಮಿನ ಮನೆಯಲ್ಲಿ ಅದು ಚಕ್ರದ ಮೇಲೆ ಓಡಾಡುವುದು ಮೊದಲ ವಾರ ಮಾತ್ರ. ಆಮೇಲೆ ಮೂಲೆ ಸೇರುತ್ತದೆ. ಮೇಲಿನ ಅಂತಸ್ತಿಗೆ ಕರೆಂಟ್ ಬಿಲ್ಲು, ಬೀಗದ ಕೈ, ಮಾತ್ರೆ ಚೀಟಿ ಬರುತ್ತವೆ. ಸೂಜಿ, ಅಂಟು ಎಲ್ಲ ನಿಮ್ಮ ಮಗನ ಎತ್ತರಕ್ಕೆ ಬರುವುದೂ ಒಂದು ತೊಂದರೆ. ಈಗ ತರಿಸಬೇಡಿ. ದೀಪಾವಳಿಯವರೆಗೆ ಬಿಸ್ಕೆಟ್ ಟಿನ್ನು, ಸೀರೆ ಕವರು, ಶೂ ಬಾಕ್ಸಿನಲ್ಲೇ ನಡೆಸಿ. ಅಷ್ಟರಲ್ಲಿ ಯಾವ ಕೆಲಸ ಮನೆಯವರಿಗೆಲ್ಲ ಹಿಡಿಸಿತು, ಯಾವುದು ಬಿದ್ದುಹೋಯಿತು ಅಂತ ತಿಳಿಯುತ್ತದೆ. ಉಳಿದ ಕೆಲಸದ ಸಾಮಾನನ್ನು ಒಂದರ ಪಕ್ಕ ಒಂದಿಟ್ಟು ಉದ್ದ, ಅಗಲ, ಎತ್ತರ ಟೇಪಿನಲ್ಲಿ ಅಳೆದು ಚೀಟಿಯಲ್ಲಿ ಬರೆದುಕೊಳ್ಳಿ. ಡಬ್ಬಿ ಇಡುವ ಶೆಲ್ಫನ್ನೂ ಅಳೆಯಿರಿ. ಆ ಚೀಟಿ ಹಿಡಿದು ದುರ್ಗದ ಬೈಲ್ ಪೇಟೆ ಕಡೆ ಹೋಗಿ, ಅಳತೆಗೆ ಸರಿಯಾದ ಮುಚ್ಚಳದ ಡಬ್ಬಿ ನೋಡಿ ತನ್ನಿ. ಅದೇ ಓಡಾಟದಲ್ಲಿ ಮುಂದಿನ ಕಸೂತಿಗೆ ಮ್ಯಾಟಿ ಬಟ್ಟೆಯನ್ನೂ ಒಂದು ಮೀಟರ್ ತಂದಿಟ್ಟುಕೊಳ್ಳಿ. ಕರವಸ್ತ್ರ ಮುಗಿಸಿದ ಹುಡುಗಿ ಗೋಪುರ ಕೇಳಿಯೇ ಕೇಳುತ್ತಾಳೆ.